ಪಂಚಮಿಗೆ ಕರೆಯಲು ಬಂದ ಅಣ್ಣ

ಪಂಚಮಿ ಹಬ್ಬಕ್ಕೆ ತವರಿಗೆ ಕರೆದೊಯ್ಯಲು ಬಂದ ಅಣ್ಣನ ಎದುರಿಗೆ ನಾನು ಹೋಗಲಿಲ್ಲ. ಮನೆಯಲ್ಲೇ ಇದ್ದು, ಇಲ್ಲವೆಂದು ಹೇಳಿಸಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬರೆದು ರೂಢಿಯಿಲ್ಲ, ಇದೊಂದನ್ನು ಬರೆಯುತ್ತಿದ್ದೇನೆ.

ಅಣ್ಣ ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೂಲುವ ಕೆಲಸದಲ್ಲಿದ್ದ. ಕೆಂಬಾವುಟದ ಸಂಘದವನು. ನಾನು ಚಿಕ್ಕವಳಿದ್ದಾಗ ಗಿರಣಿಯ ಗೇಟಿನ ಮುಂದೆ ನಡೆಯುವ ಸಭೆಗಳಿಗೆ ನನ್ನನ್ನೂ ಕರೆದೊಯ್ಯುತ್ತಿದ್ದ. ಕ್ರಾಂತಿಯಾಗುತ್ತದೆ, ರಾಜ್ಯ ಕೂಲಿಕಾರರದ್ದಾಗುತ್ತದೆ ಎಂದು ಅಲ್ಲಿ ಹೇಳುತ್ತಿದ್ದರು. ಅದು ಮುಂದಿನ ಸುಗ್ಗಿಯ ಹೊತ್ತಿಗೆ ಆಗುವ ಸಂಗತಿ ಎಂದುಕೊಂಡಿದ್ದೆ. ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದರೆ ಅವ್ವ ಇಬ್ಬರನ್ನೂ ಬೈಯುತ್ತಿದ್ದಳು.

ಆಮೇಲೆ ನನ್ನನ್ನು ಹರಿಹರಕ್ಕೆ ಕೊಟ್ಟರು. ಚೀನಾ ಯುದ್ಧದ ವೇಳೆ, ಕೆಂಬಾವುಟದವರು ಚೀನಾದ ಕಡೆಯವರೆಂದು ಅಣ್ಣನನ್ನು ಪೊಲೀಸರು ಹಿಡಿದೊಯ್ದರು. ಕೋರ್ಟು, ವಿಚಾರಣೆ ಏನೂ ಇರಲಿಲ್ಲ. ಜೈಲಿನಿಂದ ಬಿಟ್ಟ ಮೇಲೆ ಗಿರಣಿಯಲ್ಲಿ ಅವನಿಗೆ ಕೆಲಸ ಸಿಗಲಿಲ್ಲ. ಅವನು ಯಾರ ಮನೆಗೆ ಹೋದರೂ ಹಿಂದೆಯೇ ಮಫ್ತಿಯ ಪೊಲೀಸಿನವನು ಹೋಗಿ, ಏನು ಮಾತಾಡಿದ ಎಂದು ವಿಚಾರಿಸುತ್ತಿದ್ದನಂತೆ. ಪರಿಚಯದವರು ಅವನನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಿದ್ದರು. ನನ್ನ ಗಂಡನಿಗೆ ಸರ್ಕಾರಿ ಕಚೇರಿಯಲ್ಲಿ ಜವಾನನ ಕೆಲಸ. ಇನ್ನೂ ಕಾಯಂ ಆಗಿರಲಿಲ್ಲ.

ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆಯದೆ ಹೆಣ್ಣುಮಗಳು ತವರಿಗೆ ಹೋಗುವುದಿಲ್ಲ. ಜೈಲಿನಿಂದ ಬಂದ ವರ್ಷವೂ ಅಣ್ಣ ಕರೆಯಲು ಬಂದ. ಅಡಿಗೆಮನೆಯಲ್ಲಿ ಒಲೆ ಸಾರಿಸುತ್ತಿದ್ದವಳಿಗೆ ಅವನ ದನಿ ಕೇಳಿಸಿತು. ಅತ್ತೆ ನನ್ನನ್ನು ಕರೆಯುವವರೇ ಇದ್ದರು. ನಾನು ಬೇಡವೆಂದು ಕೈ ಆಡಿಸಿದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, ಬಾಗಿಲಿಗೆ ಹೋಗಿ, ಸೊಸೆ ನೆಂಟರ ಮನೆಗೆ ನಂದಿಗುಡಿಗೆ ಹೋಗಿದ್ದಾಳೆ ಎಂದರು. ಅಣ್ಣ ಶೇಂಗಾ ಉಂಡಿಯ ಗಂಟು ಕೊಟ್ಟು, ನೀರನ್ನೂ ಕುಡಿಯದೆ ತಿರುಗಿದ.

ಪೊಲೀಸಿನವನು ನಮ್ಮ ಮನೆಗೆ ಬರಲೇ ಇಲ್ಲ. ಮುಂದಿನ ಪಂಚಮಿಗೆ ಅಣ್ಣನೂ ಬರಲಿಲ್ಲ. ಮನೆಯಲ್ಲಿದ್ದವಳನ್ನು ಇಲ್ಲವೆಂದು ಹೇಳಿ ಆ ಅತ್ತೆಯೇ ಸೊಸೆಯ ತವರು ಕಡಿದಳು ಎಂದು ಓಣಿಯವರು ಆಡಿಕೊಂಡರು. ನಾನು ಕೇಳಿಯೂ ಸುಮ್ಮನಿದ್ದೆ. ಅತ್ತೆ ತೀರಿಕೊಂಡರು. ಆ ಮಾತು ಅವರ ಮೇಲೆಯೇ ಉಳಿಯಿತು.

ಅದಾದ ಮೇಲೆ ಬಂದ ಪಂಚಮಿಗೆ ನಾನೇ ದಾವಣಗೆರೆಯ ಬಸ್ಸು ಹತ್ತಿದೆ. ಅಣ್ಣ ಮಂಡಿಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಅಂಗಡಿಯ ಮುಂದೆ ಚೀಲ ಇಳಿಸಿ, ಮುಖ ಒರೆಸಿಕೊಳ್ಳುವಾಗ ನನ್ನನ್ನು ಕಂಡ.

"ಯಾರು ಕರ್ಕಂಡ್ ಬಂದ್ರವ್ವ ನಿನ್ನ?"

"ಯಾರೂ ಇಲ್ಲ. ನಾನೇ ಬಂದೆ."

"ಕರೀದೇ ಬರೋ ಹೆಣ್ಮಗಳನ್ನ ಇವತ್ತೇ ನೋಡಿದ್ದು," ಎಂದ. ಜೊತೆಯ ಹಮಾಲರು ನಕ್ಕರು. ಅವನು ನಗಲಿಲ್ಲ. ಇನ್ನೊಂದು ಚೀಲಕ್ಕೆ ಬೆನ್ನು ಕೊಡಲು ಬಾಗಿದ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಯಾವುದೂ ನೆನಪಿಗೆ ಬರಲಿಲ್ಲ. ಎಲ್ಲರ ಎದುರಿಗೇ ಹೇಳಿದೆ:

"ಅಣ್ಣಾ, ನೀನು ಬಂದಾಗ ನಾನು ಒಳಗೇ ಇದ್ದೆ. ಅತ್ತೆ ಬಾಯಾಗ ಸುಳ್ಳು ಹೇಳಿಸಿದಾಕಿ ನಾನೇ. ತಪ್ಪಾತು, ಹೊಟ್ಟೀಗೆ ಹಾಕ್ಕೋ."