ನೈಜರ್ ದೇಶಕ್ಕೆ ಕೊಡದ ಗ್ಯಾರಂಟಿ

"ಹಿಂಡಿನಾಗ ಅರ್ಧ ಮರಿ ಅವ ಅಂದ್ರ ಅದಕ್ಕ ನಾವು ಛಲೋ ಹಿಂಡು ಅಂತೀವ್ರಿ ಸಾಹೇಬ್ರ. ನೀವು ಯಾಕ ಅಳ್ಲತ್ತೀರಿ?"

ಹೀಗೆ ಕೇಳಿದವರು ಮಾಳಪ್ಪ. ಎಂಬತ್ತರ ಆಸುಪಾಸು ವಯಸ್ಸು, ಹೆಗಲ ಮೇಲೆ ಕಂಬಳಿ, ಜೀವಮಾನವೆಲ್ಲ ಕುರಿ ಕಾಯ್ದವರು. ಕೇಳಿಸಿಕೊಂಡವನು ನಾನು. ಜಾಗ, ಭಾಲ್ಕಿ ತಾಲೂಕಿನ ಮೆಹಕರ ದಾಟಿ, ಮಹಾರಾಷ್ಟ್ರದ ಗಡಿಯ ಕೂಗಳತೆಯಲ್ಲಿರುವ ಒಂದು ಸಣ್ಣ ಊರಿನ ಸರ್ಕಾರಿ ಶಾಲೆ. ಸಂದರ್ಭ, ವಿಶ್ವ ಜನಸಂಖ್ಯಾ ದಿನ. ಪಶ್ಚಿಮ ಆಫ್ರಿಕಾದ ನೈಜರ್ ದೇಶದ ಗತಿಯನ್ನು ನೆನೆದು ನಾನು ವೇದಿಕೆಯ ಮೇಲೆ ಗದ್ಗದಿತನಾಗಿದ್ದೆ. (ನೈಜೀರಿಯಾ ಅಲ್ಲ. ಅದರ ನೆತ್ತಿಯ ಮೇಲೆ ಕೂತಿರುವ ಇನ್ನೊಂದು ದೇಶ. ಭಾಷಣದಲ್ಲಿ ಇಷ್ಟು ಹೇಳುವುದಕ್ಕೇ ನಾನು ಐದು ನಿಮಿಷ ತೆಗೆದುಕೊಳ್ಳುತ್ತೇನೆ.)

ಆ ದೇಶವನ್ನು ನಾನು ನೋಡಿಲ್ಲ. ನೋಡದ ದೇಶಕ್ಕೆ ಬುದ್ಧಿ ಹೇಳುವುದು ಸುಲಭ. ಅದು ತಿರುಗಿ ಮಾತಾಡುವುದಿಲ್ಲ.

ಹೊಸ ಓದುಗರಿಗೆ ನನ್ನ ಪೂರ್ವಾಶ್ರಮದ ಪರಿಚಯ ಇರಲಿಕ್ಕಿಲ್ಲ. ಈಗ ಬೀದರಿನಲ್ಲಿ ಕೂತು ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವ ಮೊದಲು ನಾನು ಮೂವತ್ತು ವರ್ಷ ಕುಟುಂಬ ಯೋಜನೆಯ ಪ್ರಚಾರಕನಾಗಿದ್ದೆ. ಔರಾದಿನಲ್ಲಿ ಶುರುವಾಗಿ ಭಾಲ್ಕಿಯಲ್ಲಿ ಮುಗಿದ ನೌಕರಿ. ಸೈಕಲ್ಲಿಗೆ ಚಾರ್ಟಿನ ಸುರುಳಿ ಕಟ್ಟಿಕೊಂಡು ಊರೂರು ಸುತ್ತುವುದು, ಹೆಣ್ಣುಮಕ್ಕಳನ್ನು ಕೂಡಿಸಿ ಭಾಷಣ ಮಾಡುವುದು, ಒಪ್ಪಿದವರನ್ನು ಜೀಪಿಗೆ ಹತ್ತಿಸಿ ಆಪರೇಷನ್ ಕ್ಯಾಂಪಿಗೆ ಕರೆದೊಯ್ಯುವುದು. ನಮ್ಮ ಭಾಷೆಯಲ್ಲಿ ಒಬ್ಬ ತಾಯಿ ಎಂದರೆ ಒಂದು ಕೇಸು. ತಿಂಗಳಿಗಿಷ್ಟು ಕೇಸು ಎಂದು ಟಾರ್ಗೆಟ್. ಜನ ನನಗಿಟ್ಟ ಹೆಸರು ಆಪರೇಷನ್ ಸಾಹೇಬ. ಔರಾದ ಕಡೆ ನನ್ನ ಸೈಕಲ್ ಗಂಟೆ ಕೇಳಿದರೆ ಗಂಡಸರು ಜೋಳದ ಹೊಲ ಹೊಗುತ್ತಿದ್ದರು. (ಆಪರೇಷನ್ ಆಗುತ್ತಿದ್ದದ್ದು ಹೆಂಗಸರಿಗೆ. ಓಡುತ್ತಿದ್ದದ್ದು ಗಂಡಸರು. ಇದರ ಕಾರಣ ನನಗೆ ಇಂದಿಗೂ ತಿಳಿದಿಲ್ಲ.)

ಚಾರ್ಟಿನಲ್ಲಿ ಎರಡು ಕುಟುಂಬ ಇದ್ದವು. ಎಡಗಡೆ ಏಳೆಂಟು ಮಕ್ಕಳ ಕುಟುಂಬ, ಎಲ್ಲರೂ ಅಳುತ್ತಿದ್ದರು. ಬಲಗಡೆ ಎರಡು ಮಕ್ಕಳ ಕುಟುಂಬ, ಎಲ್ಲರೂ ನಗುತ್ತಿದ್ದರು, ಜೊತೆಗೊಂದು ರೇಡಿಯೋ. ದೊಡ್ಡ ಕುಟುಂಬದಲ್ಲಿ ಯಾರಾದರೂ ನಕ್ಕ ಉದಾಹರಣೆ ಇಲಾಖೆಯ ಬಳಿ ಇರಲಿಲ್ಲವೆಂದು ಕಾಣುತ್ತದೆ. ಭಾಲ್ಕಿಯಲ್ಲಿ ಒಂದು ವರ್ಷ ಎಲ್ಲರಿಗಿಂತ ಹೆಚ್ಚು ಕೇಸು ತಂದದ್ದಕ್ಕೆ ನನಗೊಂದು ಗೋಡೆ ಗಡಿಯಾರ ಕೊಟ್ಟರು. ಅದು ಈಗಲೂ ನಮ್ಮ ಮನೆಯ ಗೋಡೆಯ ಮೇಲೆ ಸರಿಯಾದ ಟೈಮ್ ತೋರಿಸುತ್ತಿದೆ.

ಭಾಷಣಕ್ಕೆ ಒಂದು ದೇಶ ಬೇಕು. "ನೋಡಿ, ಹೀಗೆ ಹಡೆದರೆ ಹಾಗಾಗುತ್ತೀರಿ" ಎಂದು ಬೆರಳು ತೋರಿಸಲಿಕ್ಕೆ. ಮೊದಲು ನನ್ನ ಬಳಿ ಚೀನಾ ಇತ್ತು. ಚೀನಾದವರು ಮನೆಗೊಂದೇ ಮಗು ಎಂದು ಕಟ್ಟಳೆ ಮಾಡಿ ನನ್ನ ಭಾಷಣ ಕೆಡಿಸಿದರು. ಆಮೇಲೆ ಬಾಂಗ್ಲಾದೇಶ ಹಿಡಿದೆ. ಅವರೂ ಸದ್ದಿಲ್ಲದೆ ಕಡಿಮೆ ಮಾಡಿಕೊಂಡರು. ಒಂದೊಂದೇ ದೇಶ ಹೀಗೆ ಕೈಬಿಟ್ಟು ಹೋಗಿ, ಕೊನೆಗೆ ನೈಜರ್ ಒಂದೇ ನನಗೆ ನಿಷ್ಠವಾಗಿ ಉಳಿಯಿತು. ಅಲ್ಲಿ ಒಬ್ಬ ತಾಯಿಗೆ ಸರಾಸರಿ ಆರು ಮಕ್ಕಳು. ಹೆಚ್ಚುಕಡಿಮೆ ಅರ್ಧ ದೇಶಕ್ಕೆ ಹದಿನೈದು ತುಂಬಿಲ್ಲ. ಇಪ್ಪತ್ತು ಚಿಲ್ಲರೆ ವರ್ಷಕ್ಕೆ ಜನ ದುಪ್ಪಟ್ಟು. ಪ್ರಚಾರಕನಿಗೆ ಇನ್ನೇನು ಬೇಕು? ರಿಟೈರ್ ಆದಮೇಲೂ ಪ್ರತಿ ಜುಲೈನಲ್ಲಿ ಯಾರಾದರೂ ಕರೆಯುತ್ತಾರೆ. ನಾನು ನೈಜರನ್ನು ಬಗಲಲ್ಲಿ ಇಟ್ಟುಕೊಂಡು ಹೋಗುತ್ತೇನೆ.

ಈ ಸಲ ಕರೆದವರು ಆ ಊರಿನ ಸುಜಾತಾ ಟೀಚರ್. "ಸರ್ಕ್ಯುಲರ್ ಬಂದದ್ರಿ ಸರ. ದಿನಾಚರಣಿ ಮಾಡಿ ಫೋಟೋ ಕಳಸ್ಬೇಕಂತ. ನೀವು ಬಂದ್ರ ನಮ್ಮ ಸಾಲಿದೂ ಒಂದೀಟು ಮಾತಾಡೋದು ಅದ" ಎಂದರು. ಭಾಲ್ಕಿಯವರೆಗೆ ಬಸ್ಸು, ಮೆಹಕರದವರೆಗೆ ಆಟೋ, ಅಲ್ಲಿಂದ ಟೀಚರಮ್ಮನ ಸ್ಕೂಟಿ. ದಾರಿಯ ಎರಡೂ ಕಡೆ ಹೆಸರು, ಉದ್ದು ಮೊಣಕಾಲೆತ್ತರ ಬಂದಿದ್ದವು. ಊರಿಗೆ ಮೊದಲು ಒಂದು ಹಳ್ಳ, ಹಳ್ಳಕ್ಕೊಂದು ಗಿಡ್ಡ ಸೇತುವೆ. ಸೇತುವೆಯ ಮೇಲೆ ಹಿಂದಿನ ದಿನದ ಕೆಸರು ಹಾಗೇ ಇತ್ತು.

ಎರಡು ಕೋಣೆಯ ಶಾಲೆ. ಅಂಗಳದಲ್ಲಿ ಬೇವಿನ ಮರ. ಮರದ ಕೆಳಗೆ ಇಪ್ಪತ್ತೈದು ಮೂವತ್ತು ಜನ ಬಿಳಿ ತಲೆಯವರು. ಮುಂದಿನ ಸಾಲಿನಲ್ಲಿ, ಸ್ನಾನ ಮಾಡಿಸಿ ಎಣ್ಣೆ ಹಚ್ಚಿ ಕೂಡಿಸಿದ ಮಕ್ಕಳು. ಏಳು.

"ಉಳಿದ ಮಕ್ಕಳು?" ಎಂದೆ.

"ಇವೇ ಅವ್ರಿ ಸರ. ಒಂದರಿಂದ ಐದನೇತ್ತದ ತನಕ. ಮೂರನೇತ್ತದಾಗ ಯಾರೂ ಇಲ್ರಿ."

"ಬಿಟ್ಟು ಹೋದರೇ?"

"ಆ ವರ್ಷ ಊರಾಗ ಯಾರೂ ಹುಟ್ಟಿಲ್ರಿ."

ಮೂರನೆಯ ತರಗತಿಯ ಪಠ್ಯಪುಸ್ತಕ ಮಾತ್ರ ಬಂದಿತ್ತಂತೆ. ಕಪಾಟಿನಲ್ಲಿದೆ.

ಕಣ್ಣಿದ್ದವನು ಅಲ್ಲೇ ಭಾಷಣ ಬದಲಿಸುತ್ತಿದ್ದ. ನನಗೂ ಕಣ್ಣಿತ್ತು. ಬೇರೆ ಭಾಷಣ ಇರಲಿಲ್ಲ.

ಆದ್ದರಿಂದ ಆ ಏಳು ಮಕ್ಕಳ ಮುಂದೆ ನಿಂತು ನಾನು ಜನಸಂಖ್ಯಾ ಸ್ಫೋಟದ ಭೀಕರತೆಯನ್ನು ಬಣ್ಣಿಸಿದೆ. ಬೋರ್ಡಿನ ಮೇಲೆ ನೈಜರ್ ದೇಶದ ಜನಸಂಖ್ಯೆಯ ಚಿತ್ರ ಬರೆದೆ. ಕೆಳಗೆ ಮಕ್ಕಳು, ಅಗಲವಾದ ಬುಡ. ಮೇಲೆ ಮುದುಕರು, ಸೂಜಿಮೊನೆ. ಶಾಲೆಗಳು ಸಾಲದೆ ಹುಲ್ಲಿನ ಚಪ್ಪರದ ಕೆಳಗೆ ಪಾಠ ನಡೆಯುತ್ತದೆ ಎಂದೆ. ಒಬ್ಬೊಬ್ಬ ಮಾಸ್ತರರ ಮುಂದೆ ಕೂರಲು ಜಾಗವಿಲ್ಲದಷ್ಟು ಮಕ್ಕಳು ಎಂದೆ. ಟೀಚರಮ್ಮ ತಲೆ ತಗ್ಗಿಸಿ ಕೇಳುತ್ತಿದ್ದರು. ಅದು ಹೊಟ್ಟೆಕಿಚ್ಚು ಎಂದು ಆಗ ನನಗೆ ಹೊಳೆಯಲಿಲ್ಲ.

ಹಿಂದಿನಿಂದ ಒಬ್ಬ ಹೆಣ್ಣುಮಗಳು ಕೇಳಿದಳು: "ಅಲ್ಲಿ ಮಂದಿ ಏನು ಉಣ್ತಾರ್ರಿ?"

"ಸಜ್ಜೆ, ಜೋಳ. ಕುರಿ, ಆಡು ಸಾಕುತ್ತಾರೆ. ಮಳೆ ಬಂದರೆ ಬೆಳೆ."

"ನಮ್ಮಂಥವ್ರೇ ಮತ್ತ" ಎಂದು ಮರದ ಕೆಳಗೆ ಗುಜುಗುಜು ಎದ್ದಿತು. ನೈಜರ್ ದೇಶ ಒಂದೇ ನಿಮಿಷದಲ್ಲಿ ಭಾಲ್ಕಿ ತಾಲೂಕಿಗೆ ಸೇರಿಹೋಯಿತು. ಮಾಳಪ್ಪ ಎದ್ದು ನಿಂತದ್ದು ಆಗಲೇ. ಅರ್ಧ ಮರಿ ಇದ್ದರೆ ಒಳ್ಳೆಯ ಹಿಂಡು ಎಂದರು. ಅಷ್ಟಕ್ಕೆ ಬಿಟ್ಟಿದ್ದರೆ ಪುಣ್ಯ. ಕೋಲಿನಿಂದ ಮುಂದಿನ ಸಾಲನ್ನು ತೋರಿಸಿ ಹೇಳಿದರು: "ನಮ್ಮ ಹಿಂಡಿನಾಗ ಮರಿ ಎಷ್ಟವ ನೀವೇ ಎಣಸ್ರಿ. ಇಂಥಾ ಹಿಂಡಿಗಿ ನಾವು ಮನ್ಯಾಗ ಇಟಕೊಳ್ಳಲ್ರಿ. ಸಂತಿಗಿ ಹೊಡಕೊಂಡು ಹೋಗ್ತೀವಿ."

ಎಲ್ಲರೂ ನಕ್ಕರು. ಏಳು ಮಕ್ಕಳೂ ನಕ್ಕವು. ಜನಸಂಖ್ಯಾ ದಿನದ ಫೋಟೋ ತೆಗೆದದ್ದು ಆ ನಗುವಿನಲ್ಲೇ.

ಭಾಷಣ ಮುಗಿಸಿ ಬಿಸಿಯೂಟದ ಅಡುಗೆ ಕೋಣೆಯಲ್ಲಿ ಚಹಾಕ್ಕೆ ಕೂತೆವು. ಟೀಚರಮ್ಮ ಒಂದು ಕಾಗದ ತಂದರು. ಮೇಲಿನಿಂದ ಬಂದ ಪತ್ರ. ಮಕ್ಕಳು ಕಡಿಮೆ ಇರುವುದಕ್ಕೆ ಕಾರಣ ತಿಳಿಸಬೇಕು. ಕಾರಣ ಸರಿ ಕಾಣದಿದ್ದರೆ ಈ ಶಾಲೆ ಮುಚ್ಚಿ, ಏಳೂ ಮಕ್ಕಳನ್ನು ಹಳ್ಳದ ಆಚೆಯ ಊರಿನ ಶಾಲೆಗೆ ಸೇರಿಸುತ್ತಾರೆ.

"ಆಚೆಯ ಶಾಲೆಗೆ ಹೋದರೆ ತೊಂದರೆ ಏನು?" ಎಂದು ಕೇಳಿದೆ. (ಬೀದರಿನಲ್ಲಿ ಇರುವವರು ಇಂಥ ಪ್ರಶ್ನೆ ಕೇಳುತ್ತಾರೆ.)

"ಸೇತುವಿ ನೋಡಿದ್ರಲ್ರಿ ಸರ. ನಿನ್ನಿ ಮಧ್ಯಾಹ್ನ ಅದರ ಮ್ಯಾಲ ಟೊಂಕದ ಮಟ ನೀರಿತ್ತು. ಇವ್ರಾಗ ಆರು ವರ್ಷದ ಪೋರಗೋಳೂ ಅವ. ಕಳಸ್ರಿ ಅಂತ ನಾ ಹ್ಯಾಂಗ ಹೇಳ್ಲಿ?"

ಕಾರಣದ ಜಾಗ ಖಾಲಿ ಇತ್ತು. ನಾವು ಲೆಕ್ಕ ಹಾಕಿದೆವು. ಹಳದಿ ವ್ಯಾನು ಹತ್ತಿ ಭಾಲ್ಕಿಯ ಇಂಗ್ಲಿಷ್ ಶಾಲೆಗೆ ಹೋಗುವವರು ನಾಲ್ವರು. ದುಡಿಯಲು ಹೈದರಾಬಾದಿಗೆ ಹೋದ ತಾಯಿತಂದೆಯ ಜೊತೆ ಹೋದವರು ಮೂವರು.

"ಉಳಿದವರು?"

"ಉಳದವ್ರು ಹುಟ್ಟೇ ಇಲ್ರಿ ಸರ. ಹುಟ್ಟಲಾರದವ್ರ ಹೆಸರು ಯಾವ ಕಾಲಂನಾಗ ಬರೀಲಿ?"

ನಾನು ಗಂಟಲು ಸರಿಪಡಿಸಿಕೊಂಡೆ. ಇಂಥ ಸಂದರ್ಭದಲ್ಲಿ ಮನುಷ್ಯ ತನ್ನ ಹೊಣೆಯನ್ನು ಗಂಭೀರವಾಗಿ ಒಪ್ಪಿಕೊಳ್ಳಬೇಕು. "ಟೀಚರಮ್ಮ, ಕಾರಣ ಅಂತಿರುವ ಕಡೆ ನನ್ನ ಹೆಸರು ಬರೆಯಿರಿ" ಎಂದೆ.

"ಅಷ್ಟು ದೊಡ್ಡವ್ರು ಆಗಬ್ಯಾಡ್ರಿ ಸಾಹೇಬ್ರ."

ಮಾತು ಒಲೆಯ ಕಡೆಯಿಂದ ಬಂತು. ಅಡುಗೆಯಾಕೆ ಕಸ್ತೂರಬಾಯಿ. ಅಲ್ಲಿಯವರೆಗೆ ಬೇಳೆ ತಿರುವುತ್ತಾ ಬೆನ್ನು ಮಾಡಿ ನಿಂತಿದ್ದವಳು ಈಗ ನನ್ನ ಕಡೆ ತಿರುಗಿದಳು. "ನನ್ನ ಗುರ್ತು ಹತ್ತಲಿಲ್ಲಲ? ಭಾಲ್ಕಿ ಕ್ಯಾಂಪಿಗಿ ಜೀಪಿನಾಗ ನೀವೇ ಕರಕೊಂಡು ಹೋಗಿದ್ರಿ. ಜೀಪಿನಾಗ ಹನ್ನೆರಡು ಮಂದಿ ಇದ್ದೇವು. ಕಿಟಕಿ ಬಾಜು ನಾ ಕುಂತಿದ್ದೆ."

ನೆನಪಾಗಲಿಲ್ಲ. ಕೇಸುಗಳಿಗೆ ಮುಖ ಇರುತ್ತಿರಲಿಲ್ಲ, ನಂಬರ್ ಇರುತ್ತಿತ್ತು.

"ನಿಮ್ಮ ಚಾರ್ಟ್ ನೋಡಿ ನಾ ಜೀಪ್ ಹತ್ತಿಲ್ರಿ. ನಮ್ಮವ್ವಗ ನೋಡಿ ಹತ್ತೀನಿ. ಒಂಬತ್ತು ಹಡದು ನಾಕು ಉಳಸಕೊಂಡಿದ್ಲು. ನನಗೂ ಬುದ್ಧಿ ಇತ್ತು." ಸೌಟು ಕೆಳಗಿಟ್ಟು ಮತ್ತೆ ಕೇಳಿದಳು: "ಆ ದೇಶದಾಗ ಹೆಣ್ಮಕ್ಕಳು ಆರು ಹಡೀತಾರ ಅಂದ್ರಲ್ಲ, ಅದ್ರಾಗ ಉಳಿಯವು ಎಷ್ಟ್ರಿ?"

ಹದಿನೈದು ವರ್ಷ ಒಂದೇ ದೇಶದ ಮೇಲೆ ಭಾಷಣ ಮಾಡಿದವನು ನಾನು. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಎಷ್ಟು ಉಳೀತಾವ ಗೊತ್ತಿಲ್ಲಲ, ಆ ಅಂಜಿಕಿಗೇ ಹಡೀತಾರ್ರಿ. ನಮ್ಮವ್ವನೂ ಹಂಗೇ. ನಾವು ನಿಲ್ಲಸಿದ್ದು ಯಾಕ? ನೀವು ಗ್ಯಾರಂಟಿ ಕೊಟ್ಟಿದ್ರಿ. ನೆನಪದ?"

ಇದು ಮಾತ್ರ ನೆನಪಿತ್ತು.

(ಈಗಿನ ಗ್ಯಾರಂಟಿಗಳ ಮಾತಲ್ಲ ಇದು. ಅವೆಲ್ಲ ಬರುವ ಮೊದಲೇ ಗ್ಯಾರಂಟಿ ಕೊಟ್ಟವನು ನಾನು.) ಚಾರ್ಟು ತೋರಿಸಿ ಎಲ್ಲ ಹೇಳಿ ಮುಗಿಸಿದ ಮೇಲೂ ಹೆಣ್ಣುಮಕ್ಕಳು ಒಂದು ಕಡೆ ಬಂದು ನಿಂತುಬಿಡುತ್ತಿದ್ದರು. ಎರಡಕ್ಕೇ ನಿಲ್ಲಿಸಿದರೆ, ನಾಳೆ ಒಂದು ಹೋದರೆ? ಆಗ ನಾನು ಎದೆ ಮುಟ್ಟಿಕೊಂಡು ಹೇಳುತ್ತಿದ್ದೆ: "ಎರಡೂ ಉಳೀತಾವ್ರಿ ತಾಯಿ, ನಂದು ಗ್ಯಾರಂಟಿ." ಈ ಸಾಲು ಚಾರ್ಟಿನಲ್ಲಿ ಇರಲಿಲ್ಲ. ಇಲಾಖೆ ಹೇಳಿಕೊಟ್ಟದ್ದಲ್ಲ. ನಾನೇ ಸೇರಿಸಿದ್ದು. ಟಾರ್ಗೆಟ್ ತುಂಬಿದ್ದೇ ಈ ಸಾಲಿನಿಂದ. ಸಂಬಳದ ನೌಕರ ಒಬ್ಬ, ಕೂಸುಗಳ ಆಯುಷ್ಯಕ್ಕೆ ಜಾಮೀನು ನಿಂತು, ಸಂಜೆ ಬಸ್ಸಿಗೆ ಮನೆಗೆ ಹೋಗುತ್ತಿದ್ದ.

"ಒಂದು ಉಳೀತು" ಎಂದಳು ಕಸ್ತೂರಬಾಯಿ. "ಮಗಳು. ಉದಗೀರ ಬಾಜು ಕೊಟ್ಟೀನಿ, ಛಲೋ ಅದಾಳ. ಮಗ ನಾಕು ವರ್ಷದಂವ ಇದ್ದ. ಆಪರೇಷನ್ ಆಗಿ ಎರಡು ಮಳಿಗಾಲ ಆಗಿತ್ತು. ಜ್ವರ ಬಂತು. ಹಳ್ಳ ತುಂಬಿತ್ತು, ಆಗ ಸೇತುವಿ ಇರ್ಲಿಲ್ಲ. ಮೂರು ದಿನ ಈ ದಂಡಿ ಮ್ಯಾಲ ಗಾಡಿ ಹೂಡಕೊಂಡು ನಿಂತಿದ್ದೇವು, ನೀರು ಇಳೀಲಿ ಅಂತ."

ನಾನು ಲೋಟ ಕೆಳಗಿಟ್ಟೆ.

"ನಿಮಗ ಬೈಲತ್ತಿಲ್ರಿ. ಹಳ್ಳ ನೀವು ತುಂಬಿಸಿಲ್ಲ. ಚಹಾ ಆರ್ತದ, ಕುಡೀರಿ."

ಕುಡಿದೆ. ಸಕ್ಕರೆ ಸರಿಯಾಗಿಯೇ ಇತ್ತು.

ಆಮೇಲೆ ಕಾರಣದ ಜಾಗದಲ್ಲಿ ಟೀಚರಮ್ಮ ಏನು ಬರೆದರು ಎಂದು ನಾನು ಕೇಳಲಿಲ್ಲ. ಒಳಗೆ ತಟ್ಟೆಗಳ ಸದ್ದು ಶುರುವಾಗಿತ್ತು. ಕಸ್ತೂರಬಾಯಿ ಬಾಗಿಲಲ್ಲಿ ನಿಂತು ಏಳು ಹೆಸರು ಕೂಗಿದಳು. ಹಾಜರಿ ಪುಸ್ತಕ ಬೇಕಿರಲಿಲ್ಲ. ಕೊನೆಯ ಹುಡುಗಿ ಕೈ ತೊಳೆಯದೆ ಬಂದಳೆಂದು ವಾಪಸ್ ಕಳಿಸಿ, ಅವಳು ಬರುವವರೆಗೆ ಯಾರಿಗೂ ಬಡಿಸಲಿಲ್ಲ.

ಭಾಲ್ಕಿಯಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಮೊಬೈಲ್ ತೆರೆದೆ. ನೈಜರ್ ದೇಶದ ವಿವರ ನಾನು ಎಲ್ಲಿಂದ ಬರೆದುಕೊಂಡಿದ್ದೆನೋ ಅದೇ ಪುಟ. ಒಬ್ಬ ತಾಯಿಗೆ ಎಷ್ಟು ಮಕ್ಕಳು ಎಂಬ ಸಾಲು ಇತ್ತು. ಅದರ ಸ್ವಲ್ಪ ಕೆಳಗೇ ಇನ್ನೊಂದು ಸಾಲು: ಐದು ವರ್ಷ ತುಂಬುವ ಮೊದಲೇ ಹೋಗುವ ಮಕ್ಕಳು. ನಮ್ಮ ದೇಶಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹದಿನೈದು ವರ್ಷ ನನ್ನ ಬೆರಳು ಮೇಲಿನ ಸಾಲಿಗೆ ಬಂದು ನಿಲ್ಲುತ್ತಿತ್ತು. ಆ ತಾಯಂದಿರಿಗೆ ಲೆಕ್ಕ ಬರುವುದಿಲ್ಲ ಎಂದು ನಾನು ಮೈಕಿನಲ್ಲಿ ಕೂಗುತ್ತಿದ್ದೆ. ಅವರು ನನಗಿಂತ ಒಂದು ಸಾಲು ಹೆಚ್ಚು ಓದಿಕೊಂಡಿದ್ದರು.

ಮುಂದಿನ ಜುಲೈಗೆ ಯಾರಾದರೂ ಕರೆದರೆ ಏನು ಮಾತಾಡಲಿ? ಅಲ್ಲಿ ಮಕ್ಕಳಿದ್ದಾರೆ, ಶಾಲೆ ಇಲ್ಲ. ಇಲ್ಲಿ ಶಾಲೆ ಇದೆ, ಮಕ್ಕಳಿಲ್ಲ. ಎರಡೂ ಕಡೆ ತಾಯಂದಿರಿಗೆ ಬುದ್ಧಿ ಹೇಳಲು ಮಾತ್ರ ನನ್ನಂಥವನೊಬ್ಬ ತಪ್ಪದೆ ಇರುತ್ತಾನೆ.

ಸ್ಕೂಟಿ ಹತ್ತುವಾಗ ಕಸ್ತೂರಬಾಯಿ ಗೇಟಿನ ತನಕ ಬಂದಿದ್ದಳು. "ಪೇಪರಿನಾಗ ಬರೀತೀರಂತಲ್ರಿ. ನಮ್ಮ ಸಾಲಿದೂ ಬರೀರಿ" ಎಂದಳು.

"ಏನು ಬರೀಲಿ?"

"ಏಳು ಮಕ್ಕಳು ಅವ ಅಂತ ಬರೀರಿ. ಹಳ್ಳ ಅದ ಅಂತ ಬರೀರಿ." ಸೆರಗಿಗೆ ಕೈ ಒರೆಸಿಕೊಂಡಳು. "ಸಾಲಿ ಉಳೀತದ ಅಂತ ಮಾತ್ರ ಗ್ಯಾರಂಟಿ ಕೊಡಬ್ಯಾಡ್ರಿ ಸಾಹೇಬ್ರ."

ಬರೆದಿದ್ದೇನೆ ಕಸ್ತೂರಬಾಯಿ. ಕೊಟ್ಟಿಲ್ಲ.