ಐದನೆಯ ಹಲಗೆ

ನಮ್ಮ ಬಿಲ್ಲು ಮೇಷ್ಟ್ರಿಗೆ ನೆಲದ ಮೇಲೆ ನಿಂತು ಬಾಣ ಬಿಡುವವರನ್ನು ಕಂಡರಾಗದು. ದುಂಡು ಕೊರಡಿನ ಮೇಲಿಟ್ಟ ಹಲಗೆ ಹತ್ತಿ, ಹೆದೆಯೆಳೆದು, ನೂರರಿಂದ ಏಳೇಳು ಕಳೆಯುತ್ತ ಸರದಿಯಂತೆ ಲೆಕ್ಕ ಹೇಳಬೇಕು. "ತಲೆಗೆ ಕೆಲಸ ಕೊಡ್ರಪ್ಪ, ಕಾಲು ತನ್ನ ಪಾಡಿಗೆ ತಾನು ನಿಲ್ಲುತ್ತೆ" ಎನ್ನುತ್ತಾರೆ. ಹಲ್ಲುಜ್ಜುವಾಗಲೂ ಅವರು ಒಂಟಿಕಾಲಲ್ಲೇ ನಿಂತು ಮಗ್ಗಿ ಹೇಳುತ್ತಾರಂತೆ. ನಾವು ನಾಲ್ವರು, ಹಲಗೆ ಐದು. ಐದನೆಯದು ಮೇಷ್ಟ್ರ ತೀರಿಹೋದ ಮಗಳದು. ನಮ್ಮ ಎಪ್ಪತ್ತೆರಡು ಮುಗಿದೊಡನೆ ಮೇಷ್ಟ್ರು ಅತ್ತ ತಿರುಗಿ, "ಹೇಳಮ್ಮ ಪುಟ್ಟಿ" ಎಂದು ಕಿವಿಗೊಟ್ಟು, ಮೆಚ್ಚಿ ತಲೆಯಾಡಿಸುತ್ತಾರೆ. ನಾವು ಅರವತ್ತೈದನ್ನು ಅವಳಿಗೆ ಬಿಟ್ಟು ಐವತ್ತೆಂಟು ಎನ್ನಬೇಕು. ಮೊದಮೊದಲು ಪಾಪ ಅನ್ನಿಸುತ್ತಿತ್ತು. ಈಗ ಯಾರೂ ಆ ಕಡೆ ನೋಡುವುದಿಲ್ಲ. ಖಾಲಿ ಹಲಗೆ ಒಂದು ಪಕ್ಕಕ್ಕೆ ವಾಲಿ ನೆಲಕ್ಕೆ ತಾಗಿರುತ್ತದೆ; ಅವರು ಕರೆದಾಗ ಮಾತ್ರ ಮೆಲ್ಲಗೆ ಮೇಲೆದ್ದು, ನಮ್ಮ ಯಾರ ಹಲಗೆಯೂ ನಿಲ್ಲದಷ್ಟು ಸಮನಾಗಿ ನಿಲ್ಲುತ್ತದೆ.