ಗುಣಪಾಲನ ಲೋಟ

ಗುಣಪಾಲನ ಚೀಲದಲ್ಲಿ ಸದಾ ಒಂದು ಸ್ಟೀಲಿನ ಲೋಟ ಇರುತ್ತಿತ್ತು. ಯಾರ ಮನೆಯಲ್ಲಿ ಚಹಾ ಕೊಟ್ಟರೂ ಅದನ್ನೇ ಮುಂದೆ ಹಿಡಿಯುತ್ತಿದ್ದ. ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದಾಗ ಅವನಿಗೆ ಕ್ಷಯ ಬಂದಿತ್ತು. ಆರು ತಿಂಗಳು ಗುಳಿಗೆ ನುಂಗಿ, ಪೂರ್ತಿ ಗುಣವಾಗಿ ಬಾರ್ಕೂರಿಗೆ ಮರಳಿದರೆ, ಅಣ್ಣನ ಮನೆಯಲ್ಲಿ ಅವನಿಗೆಂದೇ ಬೇರೆ ತಟ್ಟೆ, ಬೇರೆ ಲೋಟ ಕಾದಿದ್ದವು. ತಟ್ಟೆಯನ್ನು ಅಲ್ಲೇ ಬಿಟ್ಟು, ಲೋಟ ಮಾತ್ರ ತೆಗೆದುಕೊಂಡು ಬ್ರಹ್ಮಾವರಕ್ಕೆ ಬಂದು ಬಾಡಿಗೆ ಕೋಣೆ ಹಿಡಿದ. ಮದುವೆಯಾಗಲಿಲ್ಲ.

ಆಮೇಲೆ ಆರೋಗ್ಯ ಇಲಾಖೆಯವರ ಜೊತೆ ಮನೆಮನೆ ತಿರುಗತೊಡಗಿದ. ಎರಡು ವಾರ ದಾಟಿದ ಕೆಮ್ಮಿದ್ದವರನ್ನು ಕಫ ಪರೀಕ್ಷೆಗೆ ಒಪ್ಪಿಸುವುದು ಅವನ ಕೆಲಸ. ಮಧ್ಯಾಹ್ನ ನನ್ನ ಬೈಂಡಿಂಗ್ ಅಂಗಡಿಗೆ ಬಂದು, ಹೊಲಿಗೆ ಬಿಚ್ಚಿದ ಹಳೆಯ ಪುಸ್ತಕಗಳ ನಡುವೆ ಕೂತು ನನ್ನ ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದ. ಅವನ ಲೋಟದಲ್ಲಿ.

ಕಳೆದ ವರ್ಷ ಬ್ರಹ್ಮಾವರದಲ್ಲಿ ಎಕ್ಸ್‌ರೇ ಶಿಬಿರ ನಡೆಯಿತು. ಹೆಸರು ಬರೆದುಕೊಳ್ಳಲು ಕೂತವನು ಗುಣಪಾಲ. ಬೆಂಚಿನ ತುದಿಯಲ್ಲಿ ಸೆರಗು ಬಾಯಿಗೊತ್ತಿ ಕೂತಿದ್ದ ಹೆಂಗಸೊಬ್ಬರು ಊರು ಬಾರ್ಕೂರು ಅಂದರು. ಬಾರ್ಕೂರಿನ ಮನೆಗಳೆಲ್ಲ ಗೊತ್ತಿದ್ದವನಿಗೆ ಅದು ಸುಳ್ಳೆಂದು ತಿಳಿಯಿತು. ಆದರೂ ಮರುಮಾತಿಲ್ಲದೆ ಬರೆದುಕೊಂಡ. ನಮ್ಮ ಕಡೆಯವರು ಹೀಗೆಯೇ. ಊರಿನ ಆಸ್ಪತ್ರೆಗೆ ಹೋದರೆ ಯಾರಾದರೂ ನೋಡಿಯಾರೆಂದು ಬಸ್ಸು ಹತ್ತಿ ದೂರದ ತಾಲೂಕಿಗೆ ಹೋಗಿ ಇನ್ನೊಂದು ಊರಿನ ಹೆಸರು ಹೇಳುತ್ತಾರೆ. ಮುಂಬಯಿಯಲ್ಲಿ ಅವನೂ ಸುಳ್ಳು ವಿಳಾಸ ಕೊಟ್ಟವನೇ.

ವಾರದ ಮೇಲೆ, ಶಿಬಿರದಲ್ಲಿ ಅವರು ಕೊಟ್ಟಿದ್ದ ಕಫದ ವರದಿ ಬಂತು. ಕ್ಷಯವಿತ್ತು. ಅವರು ಕೊಟ್ಟ ಫೋನ್ ನಂಬರು ಚಾಲ್ತಿಯಲ್ಲಿರಲಿಲ್ಲ.

ಅಂದು ಗುಣಪಾಲ ಚಹಾ ಮುಟ್ಟಲಿಲ್ಲ. "ನಿಜವಾದ್ ಊರ್ ಯಾವ್ದ್ ಅಂತ ಕೇಂಡಿದ್ರೆ ಹೇಳ್ತಿದ್ರ್ ಮಾರಾಯಾ. ನಾನ್ ಕೇಣ್ಲಿಲ್ಲೆ," ಅಂದ. "ಅವ್ರಿಗ್ ಎಂತಾರೂ ಆದ್ರೆ ಅದ್ ನನ್ ತಲಿ ಮೇಲೆ."

ಅವನಿಗೆ ನೆನಪಿದ್ದದ್ದು ಎರಡೇ: ಅವರ ಬೆರಳುಗಳ ತುದಿ ಗೇರುಬೀಜದ ಎಣ್ಣೆಗೆ ಕಪ್ಪಾಗಿತ್ತು, ಹೊರಡುವಾಗ ಬೈಂದೂರು ಬಸ್ಸಿನ ಹೊತ್ತು ಕೇಳಿದ್ದರು. ಹಾಗಾಗಿ ಬಿಡುವು ಸಿಕ್ಕ ದಿನವೆಲ್ಲ ಆ ಕಡೆಯ ಗೇರುಬೀಜದ ಕಾರ್ಖಾನೆಗಳ ಬಾಗಿಲಿಗೆ ಹೋಗತೊಡಗಿದ. ಯಾಕೆ ಹುಡುಕುತ್ತಿದ್ದೇನೆಂದು ಬಾಯಿ ಬಿಟ್ಟರೆ ಆ ಹೆಂಗಸಿನ ಕೆಲಸವೇ ಹೋದೀತು. ಅದಕ್ಕೆ ಒಂದು ನೆಪ ಮಾಡಿಕೊಂಡ: ತನ್ನದೇ ಲೋಟವನ್ನು ಕೈಯಲ್ಲಿ ಹಿಡಿದು, ಬಸ್ಸಿನಲ್ಲಿ ಯಾರೋ ಮರೆತು ಹೋದದ್ದು ಎನ್ನುತ್ತಿದ್ದ.

ಬೈಂದೂರು ಬಸ್ಸಿನ ಕಂಡಕ್ಟರ್ ರತನ್ ಗೇಲಿ ಮಾಡಿದನಂತೆ. "ಗುಣಪಾಲಣ್ಣ, ಹೆಣ್ಣ್ ಕಾಂಬುಕೆ ಹೊರ್ಟದ್ದಾ?"

"ಹೌದ್. ನಿನ್ ಬಸ್ಸಗೆ ಸಿಕ್ತಾ ಇಲ್ಲೆ."

ನಾಲ್ಕನೆಯ ಸಲ ಒಂದು ಕಾರ್ಖಾನೆಯ ಸಂಜೆಯ ಗಂಟೆ ಹೊಡೆದು ಹೆಂಗಸರು ಹೊರಬಂದರು. ಇವನು ಲೋಟ ಎತ್ತಿ ಹಿಡಿದ. "ಹ್ವಾಯ್, ಚಿನ್ನದ್ದಾ ಅದ್? ಹಾಂಗಾರೆ ನಂದೇ!" ಎಂದು ಒಬ್ಬಳು ಕೂಗಿದಳು, ಎಲ್ಲರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ಅವರ ನಿಜವಾದ ಹೆಸರು ನಾನು ಬರೆಯುವುದಿಲ್ಲ, ಬಾಗಿ ಎನ್ನುತ್ತೇನೆ.

"ನಂದಲ್ಲ," ಅಂದರು ಬಾಗಿ, ನೆಲ ನೋಡುತ್ತ.

"ನಿಮ್ದೇ ಅಕ್ಕಾ. ಒಳ್ಗೆ ಕಾಣಿ ಒಂದ್ಸಲ."

ಲೋಟದೊಳಗೆ ಮಡಚಿದ ಚೀಟಿಯಿತ್ತು. ಬೈಂದೂರು ಆಸ್ಪತ್ರೆಗೆ ಸೋಮವಾರ ಬರಬೇಕು, ಗುಳಿಗೆ ತೆಗೆದುಕೊಂಡರೆ ಗುಣವಾಗುತ್ತದೆ, ತನಗೂ ಆಗಿದೆ ಎಂದು ಬರೆದು, ಕೆಳಗೆ ತನ್ನ ಹೆಸರು, ಕೋಣೆಯ ವಿಳಾಸ ಹಾಕಿದ್ದ. ಬಾಗಿ ಅಲ್ಲಿ ಚೀಟಿ ಓದಲಿಲ್ಲ. ಲೋಟವನ್ನು ಸೆರಗಿನಡಿಗೆ ಸೇರಿಸಿ, "ಹೌದ್, ನಂದೇ," ಎಂದು ಗೆಳತಿಯರಿಗೆ ಕೇಳುವಂತೆ ಹೇಳಿ ನಡೆದರು.

ಸೋಮವಾರ ಇವನು ಆಸ್ಪತ್ರೆಯ ಎದುರಿನ ಬಸ್ ತಂಗುದಾಣದಲ್ಲಿ ಬೆಳಿಗ್ಗೆಯಿಂದ ಕೂತಿದ್ದ. ಹನ್ನೊಂದೂವರೆಗೆ ಬಾಗಿ ಒಳಗೆ ಹೋದರು. ಮಾತಾಡಿಸದೆ ಮರಳಿದ.

ಮರುದಿನ ನನ್ನಂಗಡಿಯಲ್ಲಿ ಅವನಿಗೆ ಲೋಟವಿರಲಿಲ್ಲ. ಮೇಜಿನ ಮೇಲೆ ನನ್ನ ಎರಡು ಗಾಜಿನ ಲೋಟ ಖಾಲಿಯಿದ್ದವು. ನಾನು ಎದ್ದು ಹೋಗಿ ಪಕ್ಕದಂಗಡಿಯಿಂದ ಕಾಗದದ ಲೋಟ ತಂದೆ. ಅವನು ನೋಡಿದ. "ಇದೇ ಲಾಯ್ಕ್ ಮಾರಾಯಾ, ತೊಳೂಕಿಲ್ಲೆ," ಎಂದು ಕುಡಿದ. ಕಾಯಿಲೆ ಹೋಗಿ ಒಂಬತ್ತು ವರ್ಷವಾಗಿತ್ತೆಂದು ನನಗೆ ಗೊತ್ತಿತ್ತು. ಇಷ್ಟೆಲ್ಲ ಪುಸ್ತಕ ಓದಿದವನು ನಾನು. ಆದರೂ ಅದಾದ ಮೇಲೆ ದಿನವೂ ಕಾಗದದ ಲೋಟದಲ್ಲೇ ಕೊಟ್ಟೆ.

ಮೂರು ತಿಂಗಳಿಗೆ ಗುಣಪಾಲ ಕೋಣೆಯಲ್ಲಿ ಮಲಗಿದಲ್ಲೇ ತೀರಿಕೊಂಡ. ಹೃದಯಾಘಾತ ಎಂದರು. ಅಣ್ಣ ಬಂದು ಕ್ರಿಯೆ ಮುಗಿಸಿ ಹೋದ. ಮಧ್ಯಾಹ್ನದ ಫ್ಲಾಸ್ಕಿನಲ್ಲಿ ಈಗ ಅರ್ಧ ಚಹಾ ಉಳಿಯುತ್ತದೆ.

ಮೊನ್ನೆ ಒಬ್ಬ ಹೆಂಗಸು ನನ್ನಂಗಡಿ ಮೆಟ್ಟಿಲ ಕೆಳಗೆ ನಿಂತು, "ಗುಣಪಾಲಣ್ಣನ ರೂಮಿನ್ ಯಜಮಾನ್ರ್ ನಿಮ್ಮನ್ನ್ ಕಾಣುಕ್ ಹೇಳ್ರ್," ಅಂದರು. ಬೆರಳ ತುದಿ ಕಪ್ಪಗಿತ್ತು. ಚೀಲದಿಂದ ಲೋಟ ತೆಗೆದರು, ಹುಣಸೆಹುಳಿ ಹಾಕಿ ತಿಕ್ಕಿದ ಹೊಳಪಿತ್ತು. "ಗುಳಿಗಿ ಮುಗೀತ್ ಅಂತ ಅವ್ರಿಗೊಂದ್ ಹೇಳುಕಿತ್ತ್. ಒಂದ್ ದಿನವೂ ತಪ್ಸ್‌ಲಿಲ್ಲೆ."

"ನಂಗೆ ಹೇಳಿ," ಅಂದೆ.

"ಹೇಳ್ದೆ ಅಲ್ದಾ," ಅಂದರು.

ಅವರನ್ನು ಒಳಗೆ ಕರೆದು ಕೂರಿಸಿದೆ. ಕಾಗದದ ಲೋಟಗಳ ಕಟ್ಟು ಕೈಗೆ ಹತ್ತಿರವೇ ಇತ್ತು. ನನ್ನ ಗಾಜಿನ ಲೋಟದಲ್ಲಿ ಅವರಿಗೆ ಕೊಟ್ಟು, ಉಳಿದದ್ದನ್ನು ಗುಣಪಾಲನ ಲೋಟಕ್ಕೆ ಬಗ್ಗಿಸಿಕೊಂಡೆ. ಚಹಾ ಆರಿತ್ತು. ಇಬ್ಬರೂ ಕುಡಿದೆವು. ಆಮೇಲೆ ಅವರು ಬೈಂದೂರು ಬಸ್ಸಿನ ಹೊತ್ತು ಕೇಳಿದರು.